ಫಸ್ಫಸ ಚಿಕ್ಕಮುನಿಯಪ್ಪನ ಫ್ಲೆಕ್ಸು

ಚಿಕ್ಕಮುನಿಯಪ್ಪ ಸತ್ತು ವರ್ಷ ತುಂಬುವುದಕ್ಕೆ ಇನ್ನು ಆರು ದಿನ ಇತ್ತು. ಊರಲ್ಲಿ ಜಗಳ ಶುರುವಾಯಿತು. ತಿಥಿಯ ಅಡುಗೆಗಲ್ಲ, ಹೊಲಕ್ಕಲ್ಲ. ಫ್ಲೆಕ್ಸಿಗೆ.

ತಮಿಳು ಗಡಿಯ ಡೆಂಕಣಿಕೋಟೆಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿ ಯಾವ ಊರಿನ ಬಸ್ ಸ್ಟಾಪನ್ನಾದರೂ ನೋಡಿ. ಸತ್ತವರು ನಿಂತಿರುತ್ತಾರೆ. ಆಳೆತ್ತರದ ಫ್ಲೆಕ್ಸು, ಹಿಂದೆ ನೀಲಿ ಆಕಾಶ, ಎರಡು ಪಾರಿವಾಳ, ಮೇಲೆ ತಮಿಳಿನಲ್ಲಿ ‘ನಿನೈವಂಜಲಿ’, ಕೆಳಗೆ ಕನ್ನಡದಲ್ಲಿ ‘ಪುಣ್ಯಸ್ಮರಣೆ’. ಬದುಕಿದ್ದಾಗ ಬನಿಯನ್ ಬಿಟ್ಟು ಬೇರೆ ತೊಡದವನಿಗೂ ಅಲ್ಲಿ ಕೋಟು ಹಾಕಿಸಿರುತ್ತಾರೆ. ಹೆಸರಿನ ಮುಂದೆ ಅಡ್ಡಹೆಸರು ಇರಲೇಬೇಕು. ‘ಬೋರ್‌ವೆಲ್’ ಪಾಪಣ್ಣ. ‘ಡಬಲ್ ಟೀ’ ನಂಜುಂಡಪ್ಪ. ಅಡ್ಡಹೆಸರಿಲ್ಲದೆ ಬರೀ ಹೆಸರು ಬರೆಸಿದರೆ, ಈ ಮನುಷ್ಯನನ್ನು ಬದುಕಿದ್ದಾಗ ಯಾರೂ ಕರೆಯುತ್ತಲೇ ಇರಲಿಲ್ಲವೇನೋ ಎಂದು ನೋಡಿದವರು ಅಂದುಕೊಳ್ಳುತ್ತಾರೆ.

ಚಿಕ್ಕಮುನಿಯಪ್ಪನ ಅಡ್ಡಹೆಸರು ‘ಫಸ್ಫಸ’.

ಅದನ್ನು ಹಾಕಿಸಲೇಬೇಕು ಎಂದು ದಾಸಪ್ಪನ ಟೀ ಅಂಗಡಿಯ ಗೆಳೆಯರೆಲ್ಲ ತೀರ್ಮಾನ ಮಾಡಿದ್ದರು. ಕೂಡದು ಎಂದವಳು ಒಬ್ಬಳೇ. ಅವನ ಹೆಂಡತಿ ದೊಡ್ಡಮುನಿಯಮ್ಮ.

ಹೆಸರಿನಲ್ಲೇ ಗಂಡ ಚಿಕ್ಕ, ಹೆಂಡತಿ ದೊಡ್ಡ. ಎರಡು ಮನೆಗೂ ಮುನೇಶ್ವರನೇ ದೇವರು. ಅವನಿಗೆ ದೊಡ್ಡಮುನಿಯಪ್ಪ ಎಂಬ ಅಣ್ಣ ಇದ್ದ, ಅವಳಿಗೆ ಚಿಕ್ಕಮುನಿಯಮ್ಮ ಎಂಬ ತಂಗಿ ಇದ್ದಳು. ತಾಳಿ ಕಟ್ಟುವ ಗಡಿಬಿಡಿಯಲ್ಲಿ ಜೋಡಿ ಅದಲುಬದಲಾಗಿದೆ ಎಂದು ಊರು ಮದುವೆಯ ದಿನವೇ ನಕ್ಕಿತು. ಅದಕ್ಕೆ ದೊಡ್ಡಮುನಿಯಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರು ಇಟ್ಟವರು ಅಪ್ಪ ಅಮ್ಮ, ತಪ್ಪು ಅವರದು. ಈ ಫಸ್ಫಸ ಹಾಗಲ್ಲ. ಅದನ್ನು ಗಂಡನೇ ಎಲ್ಲಿಂದಲೋ ತಂದು ಮೈಗೆ ಮೆತ್ತಿಕೊಂಡದ್ದು.

ಮದುವೆಗೆ ಮೊದಲು ಅವನು ಮತ್ತಿಗಿರಿ ಕಡೆ ಒಂದು ಕುದುರೆ ಫಾರಮ್ಮಿನಲ್ಲಿ ಹುಲ್ಲು ಕುಯ್ಯುವ ಕೆಲಸಕ್ಕಿದ್ದ. ರೇಸಿಗೆ ಓಡುವ ಕುದುರೆಗಳು. ಆ ಕುದುರೆಗಳಿಗೆ ಹೊತ್ತುಹೊತ್ತಿಗೆ ಕುದುರೆ ಮಸಾಲೆ ಬೇಕು. ಮಸಾಲೆ ಎಂದರೆ ಸಾರಿಗೆ ಹಾಕುವುದಲ್ಲ. ಮೂರೆಲೆಯ, ನೇರಳೆ ಹೂವಿನ ಮೇವಿನ ಸೊಪ್ಪು. ಒಂದು ಸಲ ಬಿತ್ತಿದರೆ ಮೂರು ನಾಲ್ಕು ವರ್ಷ ಬರುತ್ತದೆ. ಬುಡಕ್ಕೆ ಕುಯ್ದರೆ ಇಪ್ಪತ್ತೈದು ದಿನಕ್ಕೆ ಮತ್ತೆ ಮೊಣಕಾಲೆತ್ತರ ನಿಲ್ಲುತ್ತದೆ. ಫಾರಮ್ಮಿಗೆ ಒಬ್ಬ ಮುದುಕ ಕುದುರೆ ಡಾಕ್ಟರು ಬರುತ್ತಿದ್ದರು. ಅವರ ಮಾತನ್ನು ಕೇಳುವವರು ಇಬ್ಬರೇ. ಒಂದು ಕುದುರೆ, ಇನ್ನೊಂದು ಚಿಕ್ಕಮುನಿಯಪ್ಪ. ಒಂದು ದಿನ ಅವರು ಒಂದು ಹಿಡಿ ಸೊಪ್ಪು ಕೈಯಲ್ಲಿ ಹಿಡಿದು, ಇದಕ್ಕೆ ಅರಬ್ಬಿಯಲ್ಲಿ ಫಸ್ಫಸ ಎನ್ನುತ್ತಾರೆ ಎಂದು ಹೇಳಿ, ಆ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಕಥೆ ಮಾಡಿ ಹೇಳಿದರು. ಚಿಕ್ಕಮುನಿಯಪ್ಪ ಓದಿದ್ದು ಎರಡನೇ ಕ್ಲಾಸು. ಅವನ ತಲೆಯಲ್ಲಿ ಬೇರೆ ಸಾಮಾನು ಇರಲಿಲ್ಲ. ಕಥೆ ಪೂರ್ತಿ ಹಿಡಿಸಿತು.

ಫಾರಂ ಮುಚ್ಚಿದಾಗ ಉಳಿದವರು ಸಂಬಳ ತಂದರು. ಅವನು ಟವೆಲ್ಲಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಬಂದ. ಅರ್ಧ ಎಕರೆಗೆ ಬಿತ್ತಿದ. ಆಮೇಲೆ ಬದುಕೆಲ್ಲ ಅದರಲ್ಲೇ. ಬೆಳಿಗ್ಗೆ ಕುಡ್ಲು ಹಿಡಿದು ಕುಯ್ಯುವುದು, ಹೊರೆ ಕಟ್ಟುವುದು, ಸೈಕಲ್ಲಿಗೆ ಏರಿಸಿ ಹಸು ಕಟ್ಟಿದವರ ಮನೆಗೆ ಹಾಕಿ ಬರುವುದು. ಹೊರೆಯ ಜೊತೆಗೆ ಕಥೆ ಬಿಟ್ಟಿ. “ಒಂದು ಹೊರೆ ಹುಲ್ಲಿಗೆ ಒಂದು ಗಂಟೆ ಅರಬ್ಬಿ” ಎಂದು ದಾಸಪ್ಪ ಹೇಳುತ್ತಿದ್ದ. ಕುದುರೆ ಮಸಾಲೆಯನ್ನು ಹಸುವಿಗೆ ಹಸಿಯಾಗಿ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಅವನ ಮಾತೂ ಹಾಗೆಯೇ. ಜನ ಹೊರೆ ಇಳಿಸಿಕೊಂಡ ಕೂಡಲೇ, ಒಲೆಯ ಮೇಲೆ ಹಾಲಿಟ್ಟಿದ್ದೀನಿ ಎಂದು ಒಳಗೆ ಓಡುತ್ತಿದ್ದರು. ಒಲೆಯೇ ಹಚ್ಚದವರೂ ಓಡುತ್ತಿದ್ದರು.

ಒಂದು ಸಲ ಜವಳಗಿರಿ ಕಾಡಿನಿಂದ ಮೂರು ಆನೆ ಇಳಿದು ಊರವರ ರಾಗಿಯನ್ನೆಲ್ಲ ತಿಂದು, ಹೋಗುವಾಗ ಇವನ ಕುದುರೆ ಮಸಾಲೆಯನ್ನೂ ಅರ್ಧ ಬೋಳಿಸಿದವು. ಫಾರೆಸ್ಟಿನವರು ಬರೆದುಕೊಳ್ಳಲು ಬಂದಾಗ ಊರವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಇವನು ಮಾತ್ರ ಎದೆ ಉಬ್ಬಿಸಿ, “ಬರ್ಕಳಿ ಸಾರ್, ಕುದ್ರೆ ಅಷ್ಟೇ ಅಲ್ಲ, ಆನೇನೂ ಒಪ್ಕಂತು” ಎಂದ.

ಇಷ್ಟೆಲ್ಲ ಹೊರಗೆ. ಮನೆಯೊಳಗೆ ಫಸ್ಫಸ ಎನ್ನುವ ಹಾಗಿರಲಿಲ್ಲ.

ಅದಕ್ಕೆ ಕಾರಣ ವೆಂಕಟರಾಮಪ್ಪ. ಗಂಡನ ಬಾಲ್ಯದ ಗೆಳೆಯ, ಎದುರು ಮನೆಯವನು. ದೊಡ್ಡಮುನಿಯಮ್ಮ ಮದುವೆಯಾಗಿ ಬಂದ ಹೊಸದು. ನೀರು ಸೇದುವಾಗ ಬಾವಿಯ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ ಹೇಳಿದ: “ತಂಗ್ಯವ್ವ, ನಿನ್ ಗಂಡ ಹೇಳ್ತಾನಲ್ಲ ಆ ಮಾತು, ಅದು ಅರಬ್ಬಿಯೋರ ಹೊಲಸು ಬೈಗುಳ. ಹೆಂಗಸ್ರ ಮುಂದೆ ಬುಡ್ಸಿ ಹೇಳಕ್ಕಾಗಲ್ಲ. ನಾನ್ ಹೇಳ್ದೆ ಅಂತ ಯಾರ್ಗೂ ಹೇಳ್ಬ್ಯಾಡ.” ಅವಳಿಗೆ ಆಗ ಹತ್ತೊಂಬತ್ತು ವರ್ಷ. ನಂಬಿದಳು. ಆ ದಿನ ಸಂಜೆ ಗಂಡ, “ಏ ಇವಳೆ, ಈ ಸೊಪ್ಪಿಗೆ ಏನಂತಾರೆ ಗೊತ್ತಾ” ಎಂದು ಬಾಯಿ ತೆರೆದ. ಅವಳು ಸೌಟು ಎತ್ತಿದಳು. “ಆ ಮಾತು ಹೊಸಿಲಾಚೆ ಬುಟ್ಟು ಒಳಗ್ ಬಾ.”

ಅವನು ಬಿಟ್ಟು ಬಂದ. ನಲವತ್ತೊಂದು ವರ್ಷ ದಿನಾ ಬಿಟ್ಟು ಬಂದ.

ಹೋದ ವರ್ಷ ಮಾಗಿಯಲ್ಲಿ ಅವನು ಹೊರೆ ಕಟ್ಟಿ ಹೊಂಗೆ ಮರದ ಕೆಳಗೆ ಕೂತ. ಏಳಲಿಲ್ಲ. ದೊಡ್ಡಮುನಿಯಮ್ಮ ಬುತ್ತಿ ತಂದವಳು, “ಎದ್ದೇಳು ಸೋಮಾರಿ” ಎಂದು ಎರಡು ಸಲ ಬೈದಳು. ಮೂರನೇ ಸಲ ಬೈಯಲಿಲ್ಲ.

ಆಮೇಲೆ ಮನೆ ದೊಡ್ಡದಾಯಿತು. ಜಗಳಕ್ಕೆ ಜನ ಇಲ್ಲ. ಮಗ ಬೀರೇಶ್ ಹೊಸೂರಿನ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗಿ ಬರುತ್ತಾನೆ. ಬೈದರೆ ಕಿವಿಯಲ್ಲಿ ವೈರು ಸಿಕ್ಕಿಸಿಕೊಳ್ಳುತ್ತಾನೆ. ಬೈಸಿಕೊಳ್ಳುವುದಕ್ಕೂ ಯೋಗ್ಯತೆ ಬೇಕು, ಅದು ಅಪ್ಪನ ಜೊತೆಗೇ ಹೋಯಿತು.

ಆ ಬೀರೇಶನೇ ಫ್ಲೆಕ್ಸಿನ ಡಿಸೈನನ್ನು ಮೊಬೈಲಿನಲ್ಲಿ ತಂದು ತೋರಿಸಿದ. ದೊಡ್ಡಮುನಿಯಮ್ಮ ಮೂರನೇ ಕ್ಲಾಸಿನವರೆಗೆ ಕನ್ನಡ ಓದಿದ್ದಳು. ಒಂದೊಂದೇ ಅಕ್ಷರ ಕೂಡಿಸಿದಳು. ಕೂಡಿದ ಮೇಲೆ ಮೊಬೈಲು ಕಿತ್ತುಕೊಂಡು ನೇರ ಟೀ ಅಂಗಡಿಗೆ ಹೋದಳು.

“ಯಾವನ್ಲಾ ಇದನ್ನ ಬರ್ಸಿದ್ದು?”

ಬೆಂಚಿನ ಮೇಲೆ ಕೂತಿದ್ದ ವೆಂಕಟರಾಮಪ್ಪ ಮೀಸೆ ಒರೆಸಿಕೊಂಡ. “ನಾನೇ ಕಣಮ್ಮ. ಬರೀ ಚಿಕ್ಕಮುನಿಯಪ್ಪ ಅಂದ್ರೆ ಯಾರ್ಗೆ ಗೊತ್ತಾಯ್ತದೆ? ಈ ರೋಡ್ನಾಗೆ ಏಳ್ ಜನ ಚಿಕ್ಕಮುನಿಯಪ್ಪ ಅವ್ರೆ. ಏಳೂ ಜನ ಗಟ್ಟಿಮುಟ್ಟಾಗವ್ರೆ. ನೋಡ್ದೋರು ಹಾರ ತಕಂಡು ಯಾರ ಮನೇಗ್ ಹೋಗ್ಬೇಕು?”

“ಅದು ಹೊಲಸು ಮಾತು.”

ವೆಂಕಟರಾಮಪ್ಪ ಟೀ ಲೋಟದೊಳಗೆ ನೋಡಿದ. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿ ತುಟಿ ಕಚ್ಚಿದರು. ಹೊಲಸಿರಬಹುದು ಎಂದೇ ಅವರಿಗೆ ಅಷ್ಟು ಆಸೆ.

“ನಂಗ್ ಗೊತ್ತು ನೀವ್ಯಾಕೆ ಹಾಕಿಸ್ತಿದ್ದೀರ ಅಂತ” ಎಂದಳು ದೊಡ್ಡಮುನಿಯಮ್ಮ. “ಬದುಕಿದ್ದಾಗ ನಕ್ಕಿದ್ದು ಸಾಲ್ದು. ಬಸ್ನಾಗೆ ಹೋಗೋರೆಲ್ಲ ಓದಿ ನಗ್ಬೇಕು. ಸತ್ತೋನು ಎದ್ದು ಬಂದು ಕೇಳಲ್ಲ, ಅಷ್ಟೇ ಧೈರ್ಯ. ನಾನಿನ್ನೂ ಸತ್ತಿಲ್ಲ ಕಣ್ರೋ.”

ದಾಸಪ್ಪ ಟೀ ಆರಿಸುವುದನ್ನು ನಿಲ್ಲಿಸಿ ಪಂಚಾಯ್ತಿ ಮಾಡಿದ. “ನೋಡಕ್ಕಾ, ಫ್ಲೆಕ್ಸಿನೋನು ನಾಡಿದ್ದು ತಂಕ ಕಾಯ್ತಾನೆ. ಅದು ಹೊಲಸು ಮಾತು ಅಂತ ರುಜುವಾತಾದ್ರೆ ತೆಗ್ಸಾನ. ಆಗ್ದಿದ್ರೆ ಇರ್ತದೆ. ಡೆಂಕಣಿಕೋಟೆ ಮಸೀದಿ ಪಕ್ದಾಗೆ ಮಕ್ಕಳಿಗೆ ಅರಬ್ಬಿ ಹೇಳ್ಕೊಡೋ ಹಜರತ್ತು ಅವ್ರಲ್ಲ, ಅವ್ರನ್ನ ಕೇಳ್ಕಂಡ್ ಬಾ. ನೀನೊಬ್ಳೇ ಹೋದ್ರೆ ನಿನ್ ಕಡೆಗೇ ಹೇಳ್ತೀಯ. ಸಾಕ್ಷಿಗೆ ಅಂಜಮ್ಮ ಬರ್ಲಿ.”

ಅಂಜಮ್ಮ ವೆಂಕಟರಾಮಪ್ಪನ ಹೆಂಡತಿ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಹೊಸ ಸೀರೆ ಉಟ್ಟು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಬಸ್ಸು ಹೆಂಗಸರಿಗೆ ಬಿಟ್ಟಿ. ಇಲ್ಲದಿದ್ದರೂ ಅವಳು ಆ ದಿನ ನಡೆದೇ ಹೋಗುತ್ತಿದ್ದಳು.

“ಅಕ್ಕಾ, ಎಷ್ಟ್ ಹೊಲಸಿರ್ಬೋದು?” ಎಂದು ಬಸ್ಸು ಹೊರಟ ಕೂಡಲೇ ಕೇಳಿದಳು.

“ನಂಗೇನ್ ಗೊತ್ತು.”

“ನಮ್ಮ ಮಾತ್ನಾಗೆ ಅದಕ್ಕೆ ಮಾತೇ ಇಲ್ವೇನೋ.”

“ನಿನ್ ಗಂಡನ್ ಬಾಯ್ನಾಗೆ ಎಲ್ಲಾ ಮಾತೂ ಐತೆ. ಸುಮ್ನೆ ಕೂತ್ಕ.”

ಹಜರತ್ತಿಗೆ ಎಪ್ಪತ್ತು ದಾಟಿತ್ತು. ಬಿಳಿ ಗಡ್ಡ, ದಪ್ಪ ಕನ್ನಡಕ. ಪಾಠ ಮುಗಿದು ಮಕ್ಕಳು ಹೋಗಿದ್ದರು. ಚಾಪೆ ತೋರಿಸಿ, “ಬನ್ನಿ ಅಮ್ಮ, ಕೂತ್ಕೊಳಿ” ಎಂದರು. ದೊಡ್ಡಮುನಿಯಮ್ಮ ಚಾಪೆಯ ತುದಿಗೆ ಕೂತಳು. ಇಂಥ ದೊಡ್ಡ ಮನುಷ್ಯರ ಮುಂದೆ ಹೇಗೆ ಹೇಳುವುದು?

“ಸಾಮಿ, ಒಂದು ಮಾತೈತೆ.”

“ಹೇಳಿ ಅಮ್ಮ.”

“ಹೇಳಂಗಿಲ್ಲ.”

“ಮತ್ತೆ?”

“ನೀವೇ ಕಂಡ್ಹಿಡೀಬೇಕು. ಅರಬ್ಬಿ ಮಾತು.”

ಹಜರತ್ತು ಕನ್ನಡಕ ತೆಗೆದು ಒರೆಸಿದರು. “ಅರಬ್ಬಿಯಲ್ಲಿ ಮಾತು ಬಹಳ ಇದೆ ಅಮ್ಮ. ನಾನು ಒಂದೊಂದೇ ಹೇಳ್ತಾ ಹೋದ್ರೆ ಮುಂದಿನ ರಂಜಾನ್ ಬರ್ತದೆ.”

“ಫ ದಿಂದ ಶುರುವಾಯ್ತದೆ” ಎಂದು ಅಂಜಮ್ಮ ಸೆರಗಿನೊಳಗಿಂದ ಸಹಾಯ ಮಾಡಿದಳು.

ಕೊನೆಗೆ ದೊಡ್ಡಮುನಿಯಮ್ಮ ಅಲ್ಲಿದ್ದ ಮಕ್ಕಳ ಸ್ಲೇಟು ತೆಗೆದುಕೊಂಡು, ಮೂರನೇ ಕ್ಲಾಸಿನಲ್ಲಿ ಬಿಟ್ಟ ಕೈಯಿಂದ ಬರೆದು, ಮುಂದಕ್ಕೆ ತಳ್ಳಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಜರತ್ತು ಸ್ಲೇಟನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: “ಫಸ್ಫಸ.”

ಇಬ್ಬರೂ ಸೆರಗಿನಿಂದ ಕಿವಿ ಮುಚ್ಚಿಕೊಂಡರು.

“ಯಾರು ಹೇಳಿದ್ದು ಇದು?”

“ನಮ್ಮೋರು.”

“ಯಾವಾಗ ಹೇಳ್ತಿದ್ರು? ಸಿಟ್ಟು ಬಂದಾಗಾ?”

“ಇಲ್ಲ ಸಾಮಿ. ಹುಲ್ಲು ಕುಯ್ಯುವಾಗ.”

“ಹುಲ್ಲಾ?” ಹಜರತ್ತು ಎದ್ದರು. ಬೀರುವಿನಿಂದ ಒಂದು ಪುಸ್ತಕವನ್ನು ಎರಡು ಕೈಯಲ್ಲಿ, ಕರು ಎತ್ತಿದ ಹಾಗೆ ಎತ್ತಿ ತಂದರು. ನಾವು ಕೊನೆ ಎನ್ನುವ ಕಡೆಯಿಂದ ಬಿಡಿಸಿದರು. ಬೆರಳು ಇಟ್ಟು ಇಳಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ನಕ್ಕರು.

“ನಕ್ಬುಟ್ರು!” ಅಂಜಮ್ಮ ದೊಡ್ಡಮುನಿಯಮ್ಮನ ತೊಡೆ ಹಿಂಡಿದಳು. “ಬೋ ಹೊಲಸು ಕಣಕ್ಕಾ.”

“ಅಮ್ಮ, ಇದು ಸೊಪ್ಪು” ಎಂದರು ಹಜರತ್ತು. “ಕುದುರೆ, ದನ ತಿನ್ನೋ ಸೊಪ್ಪು. ಫಿಸ್ಫಿಸ ಅಂತಲೂ ಅಂತಾರೆ, ಫಸ್ಫಸ ಅಂತಲೂ ಅಂತಾರೆ. ಅದೂ ಹಸಿರಾಗಿದ್ದಾಗ ಮಾತ್ರ ಈ ಹೆಸರು. ಒಣಗಿದ ಮೇಲೆ ಬೇರೆ ಹೆಸರು.”

“ಒಣಗಿದ್ರೆ ಹೆಸ್ರೇ ಬೇರೆಯಾ?”

“ಬೇರೆ.”

ದೊಡ್ಡಮುನಿಯಮ್ಮ ತನ್ನ ಬಳೆಯಿಲ್ಲದ ಕೈ ನೋಡಿಕೊಂಡಳು. “ನಮ್ಮ ಕಡೇನೂ ಹಂಗೇ” ಎಂದಳು.

ಹಜರತ್ತಿಗೆ ಆಗಲೇ ಪುಸ್ತಕದ ಗುಂಗು ಹಿಡಿದಿತ್ತು. “ಇನ್ನೂ ಕೇಳಿ. ಇದು ಹುಟ್ಟಾ ಅರಬ್ಬಿ ಮಾತಲ್ಲ ಅಂತ ಇಲ್ಲೇ ಬರೆದಿದ್ದಾರೆ. ಫಾರ್ಸಿ ಮಾತು, ಇರಾನಿನವರದು. ಅಸ್ಪಸ್ತ್. ಫಾರ್ಸಿಯಲ್ಲಿ ಅಸ್ಪ್ ಅಂದ್ರೆ ಕುದುರೆ. ಕುದುರೆಯ ಮೇವು ಅಂತ ಅರ್ಥ. ಅವರ ಅಸ್ಪಸ್ತ್ ಅರಬರ ಬಾಯಲ್ಲಿ ಉರುಳಿ ಉರುಳಿ ಫಸ್ಫಸ ಆಯ್ತು. ಇದಕ್ಕೆ ನೀವೇನಂತೀರಿ?”

“ಕುದುರೆ ಮಸಾಲೆ.”

ಹಜರತ್ತು ಪುಸ್ತಕದ ಮೇಲೆ ಅಂಗೈ ಬಡಿದರು. “ನೋಡಿ! ಅಲ್ಲೂ ಕುದುರೆ, ಇಲ್ಲೂ ಕುದುರೆ! ಇವರು ಅವರನ್ನ ಕೇಳಲಿಲ್ಲ, ಅವರು ಇವರನ್ನ ಕೇಳಲಿಲ್ಲ.”

“ಅಷ್ಟೇನಾ?” ಅಂಜಮ್ಮನ ಮುಖ ಸಣ್ಣದಾಯಿತು. “ಇನ್ನೊಂದ್ ಕಿತಾ ನೋಡಿ ಸಾಮಿ. ಕೆಳ್ಗಡೆ ಏನಾನ ಸಣ್ಣಕ್ಷರದಾಗೆ ಬರ್ದಿರ್ತಾರೆ.”

“ಸೊಪ್ಪೇ ಅಮ್ಮ.” ಅವರು ದೊಡ್ಡಮುನಿಯಮ್ಮನ ಕಡೆ ತಿರುಗಿದರು. “ನಿಮ್ಮ ಯಜಮಾನರು ಅರಬ್ಬಿ ಓದಿದ್ರಾ?”

“ಇಲ್ಲ ಸಾಮಿ. ಕುಡ್ಲು ಹಿಡಿದಿದ್ರು.”

“ಐವತ್ತು ವರ್ಷದಿಂದ ಓದ್ತಾ ಇದ್ದೀನಿ. ಈ ಮಾತು ನಂಗೆ ಇವತ್ತು ಸಿಕ್ತು. ಅವರನ್ನ ಒಂದು ದಿನ ಕರ್ಕೊಂಡು ಬನ್ನಿ, ಕೂತು ಮಾತಾಡೋಣ.”

“ಬರಲ್ಲ ಸಾಮಿ.”

“ಯಾಕೆ, ಹುಷಾರಿಲ್ವಾ?”

“ಹೋಗ್ಬುಟ್ರು.”

ಹಜರತ್ತು ಪುಸ್ತಕ ಮುಚ್ಚಿದರು. ಆಮೇಲೆ ಅವರು ಒಳಗೆ ಕೂಗಿ ಎರಡು ಲೋಟ ಟೀ ತರಿಸಿದರು.

ವಾಪಸು ಬರುವ ಬಸ್ಸಿನಲ್ಲಿ ದೊಡ್ಡಮುನಿಯಮ್ಮ ಕಿಟಕಿಯ ಕಡೆ ಕೂತಳು. ಅಂಜಮ್ಮನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ.

“ಅದು ಹೊಲಸು ಅಂತ ನಿಂಗ್ಯಾರಕ್ಕಾ ಹೇಳಿದ್ದು?”

ನಲವತ್ತೆರಡು ವರ್ಷ ಕಟ್ಟಿಟ್ಟ ಗುಟ್ಟು. ಇನ್ನು ಯಾರಿಗಾಗಿ? “ನಿನ್ ಗಂಡ. ಬಾವಿ ತಾವ. ಯಾರ್ಗೂ ಹೇಳ್ಬ್ಯಾಡ ಅಂದಿದ್ದ.”

ಅಂಜಮ್ಮ ಬಾಯಿ ತೆರೆದಳು. “ನಂಗೂ ಹೇಳಿದ್ದ. ಯಾರ್ಗೂ ಹೇಳ್ಬ್ಯಾಡ ಅಂತ.” ಬೆರಳು ಮಡಿಸಿ ಎಣಿಸಿದಳು. “ಮೂಲೆಮನೆ ಪಾಪಮ್ಮಂಗೂ ಹೇಳವ್ನೆ. ಅವ್ಳು ನಂಗೆ ಹೇಳಿದ್ಲು. ಯಾರ್ಗೂ ಹೇಳ್ಬ್ಯಾಡ ಅಂತ.”

ಊರಿನ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳಿಟ್ಟಿದ್ದ. ಹೊರೆ ಇಳಿಸಿಕೊಂಡು ಒಳಗೆ ಓಡುತ್ತಿದ್ದವರು ಯಾಕೆ ಓಡುತ್ತಿದ್ದರು ಎಂದು ದೊಡ್ಡಮುನಿಯಮ್ಮನಿಗೆ ಈಗ ತಿಳಿಯಿತು.

“ಅಕ್ಕಾ” ಎಂದು ಅಂಜಮ್ಮ ಹತ್ತಿರ ಸರಿದಳು. “ಹೊಲಸೇ ಅಂತ ಹೇಳ್ಬುಡಾನ. ಊರಾಗೆ ಅರಬ್ಬಿ ಬಲ್ಲೋರ್ಯಾರವ್ರೆ? ನಾನು ಸಾಕ್ಷಿ ಹೇಳ್ತೀನಿ. ನೀನು ಗೆದ್ದಂಗಾಯ್ತದೆ, ಫ್ಲೆಕ್ಸಿಂದ ಅದು ಹೋಯ್ತದೆ. ಹಜರತ್ತು ಕೇಳ್ಕಂಡು ಬತ್ತಾರಾ?”

ಸುಲಭ ಇತ್ತು. ಅವಳು ಹೋದದ್ದೇ ಅದಕ್ಕೆ. ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ನಗುವುದಿಲ್ಲ. ಸಂಜೆ ಸೈಕಲ್ಲು ಒರಗಿಸಿ ಒಳಗೆ ಬರುವಾಗ ಗಂಡನ ಮುಖ ಹೇಗಿರುತ್ತಿತ್ತು ಎಂದು ನೆನೆಸಿಕೊಂಡಳು. ಬಾಯಿ ತುಂಬ ಏನೋ ಇಟ್ಟುಕೊಂಡವನ ಹಾಗೆ ಇರುತ್ತಿತ್ತು. ಹೊಸಿಲ ಹತ್ತಿರ ಬಂದು ನುಂಗುತ್ತಿದ್ದ.

“ಇಳಿ, ಊರು ಬಂತು” ಎಂದಳು.

ಟೀ ಅಂಗಡಿಯಲ್ಲಿ ಹನ್ನೆರಡು ಜನ ಕಾಯುತ್ತಿದ್ದರು. ಶಿಫ್ಟು ಬದಲಾಯಿಸಿಕೊಂಡು ಬೀರೇಶನೂ ನಿಂತಿದ್ದ. ದಾಸಪ್ಪ ಸ್ಟವ್ವಿನ ಉರಿ ಸಣ್ಣ ಮಾಡಿದ.

“ಏನಂತಕ್ಕಾ?”

“ಸೊಪ್ಪಂತೆ.”

“ಸೊಪ್ಪಾ?”

“ಹೌದು. ಸೊಪ್ಪೇ” ಎಂದಳು ಅಂಜಮ್ಮ, ಸಾವಿನ ಸುದ್ದಿ ಹೇಳುವವಳ ಹಾಗೆ. “ಎರಡ್ ಸತಿ ನೋಡ್ಸಿದ್ದಾಯ್ತು.”

ಅಂಗಡಿಯ ಮುಂದೆ ದೊಡ್ಡ ನಿಟ್ಟುಸಿರು ಎದ್ದಿತು. ನಲವತ್ತು ವರ್ಷದ ಮಜಾ ಒಂದೇ ಮಾತಿಗೆ ಗಾಳಿ ಬಿಟ್ಟ ಟೈರಿನ ಹಾಗಾಯಿತು. ಒಬ್ಬ ಅರ್ಧ ಕುಡಿದ ಟೀ ಇಟ್ಟು ಎದ್ದೇ ಹೋದ.

ದೊಡ್ಡಮುನಿಯಮ್ಮ ಬೆಂಚಿನ ಮುಂದೆ ಬಂದು ನಿಂತಳು. “ಎಂಕಟ್ರಾಮಣ್ಣ, ಬಾವಿ ತಾವ ನಂಗೇನ್ ಹೇಳ್ದೆ?”

ವೆಂಕಟರಾಮಪ್ಪ ಹೆಂಡತಿಯನ್ನು ನೋಡಿದ. ಅಂಜಮ್ಮನ ಕಣ್ಣಲ್ಲಿ ಅವನಿಗೆ ರಾತ್ರಿ ಊಟ ಕಾಣಲಿಲ್ಲ.

“ಹುಡುಗಾಟಕ್ಕಂದಿದ್ದು ಕಣಮ್ಮ” ಎಂದ. “ದಿನಾ ಅದೇ ಕೊರೀತಿದ್ದ. ಅಸ್ಪಸ್ತು, ಫಸ್ಫಸ, ಅಸ್ಪಸ್ತು, ಫಸ್ಫಸ. ಹೊಸಾ ಹೆಂಡ್ತಿ ಬಂದವ್ಳೆ, ಅವ್ಳಾದ್ರೂ ಇವ್ನ ಬಾಯ್ ಮುಚ್ಚಿಸ್ತಾಳೇನೋ ಅಂತ...”

“ಮುಚ್ಚಿಸ್ದೆ” ಎಂದಳು ದೊಡ್ಡಮುನಿಯಮ್ಮ.

ಅವಳು ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕೂಗಲಿಲ್ಲ. ವೆಂಕಟರಾಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರೇ ಇರಬೇಕು, ಮಾಗಿಯ ಚಳಿಯಲ್ಲಿ.

“ಹೋಗ್ಲಿ ಬುಡು” ಎಂದ ತಲೆ ಬಗ್ಗಿಸಿ. “ನಿನ್ನಿಷ್ಟದಂಗೇ ಆಗ್ಲಿ. ಫಸ್ಫಸ ತೆಗ್ಸಾನ.”

“ತೆಗ್ಸಾನ, ತೆಗ್ಸಾನ” ಎಂದು ಉಳಿದವರೂ ಅಂದರು. “ಬರೀ ಸೊಪ್ಪು ಅಂದ್ಮೇಲೆ ಹಾಕಿ ಏನ್ ಮಜಾ?”

“ತೆಗೆಯಂಗಿಲ್ಲ.”

ಎಲ್ಲರೂ ತಲೆ ಎತ್ತಿದರು.

“ಏನಕ್ಕಾ ನೀನು” ಎಂದ ದಾಸಪ್ಪ. “ನೆನ್ನೆ ಇದೇ ಜಾಗದಾಗೆ ನಿಂತ್ಕಂಡು ಹಾಕಂಗಿಲ್ಲ ಅಂದೆ.”

“ನೆನ್ನೆ ಅದು ಬೈಗುಳ. ಇವತ್ತು ಅರಬ್ಬಿ. ದೊಡ್ಡಕ್ಷರದಾಗೆ ಹಾಕ್ಬೇಕು. ನಿಮ್ಗೆ ಮಜಾ ಇಲ್ದಿದ್ರೆ ಮನೇಗ್ ಹೋಗಿ.”

ಆ ಸಂಜೆ ಮಗನಿಗೆ ಮುದ್ದೆ ಇಟ್ಟು ಎದುರು ಕೂತು ಕೇಳಿದಳು. “ಅರಬರ ತಂಕ ಬಂತಲ್ಲ ಆ ಮಾತು. ಆಮೇಲೆ ಎಲ್ಗೋಯ್ತು?”

ಬೀರೇಶ್ ಬೆಚ್ಚಿ ನೋಡಿದ. “ನಂಗ್ ಗೊತ್ತು ಅಂತ ನಿಂಗ್ಯಾರಂದ್ರು?”

“ನಿಮ್ಮಪ್ಪ ಯಾರ್ನ ಬುಟ್ಟವ್ನೆ? ಹೇಳ್ಲಾ.”

“ಹೊಲದಾಗೆ ನೂರ್ ಕಿತ ಹೇಳವ್ನೆ. ಮನೇಲಿ ಹೇಳಿದ್ರೆ ನಿಮ್ಮವ್ವ ಸೌಟು ಎತ್ತುತ್ತಾಳೆ ಅಂತಿದ್ದ.” ಅವನು ಮುದ್ದೆ ಮುರಿದ. “ಅರಬರು ಸ್ಪೇನಿಗೆ ಹೋದಾಗ ಸೊಪ್ಪನ್ನೂ ತಕಂಡೋದ್ರು. ಅವ್ರು ಪದದ ಮುಂದೆ ಅಲ್ ಅಂತ ಒಂದು ಸೇರಿಸ್ತಾರೆ. ಅಲ್ ಫಸ್ಫಸ. ಸ್ಪೇನಿನೋರ ಬಾಯಾಗೆ ಅದು ಅಲ್ಫಾಲ್ಫಾ ಆಯ್ತು. ಅವ್ರು ಹಡಗ್ನಾಗೆ ಅಮೆರಿಕಕ್ಕೆ ತಕಂಡೋದ್ರು. ಈಗ ಹೊಸೂರು ಅಂಗಡೀಲಿ ಬೀಜದ ಪ್ಯಾಕೆಟ್ ಮೇಲೂ ಅದೇ ಹೆಸ್ರು.”

“ಇನ್ನೊಂದ್ ಕಿತ ಹೇಳು.”

ಮೂರು ಸಲ ಹೇಳಿಸಿದಳು. ಮೂರನೇ ಸಲ ಅವನು ಸ್ಪೇನಿಗಿಂತ ಮೊದಲೇ ಹಡಗು ಹತ್ತಿಸಿದ. “ತಪ್ಪು” ಎಂದು ತಲೆಗೆ ಮೊಟಕಿದಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಬೈಗುಳ ಸರಿಯಾಗಿ ಕೇಳಿಸಿತು.

ಮಾರನೇ ದಿನ ಫ್ಲೆಕ್ಸಿನವನ ಅಂಗಡಿಗೆ ಅವಳೇ ಹೋದಳು. ಅವನು ಕಂಪ್ಯೂಟರಿನ ಮುಂದೆ ಕೂತ, ಇವಳು ಬೆನ್ನ ಹಿಂದೆ ನಿಂತಳು.

“ಕೋಟ್ ತೆಗಿ. ನಮ್ಮೋರು ಯಾವತ್ತೂ ಕೋಟ್ ಹಾಕಿಲ್ಲ.”

“ಎಲ್ರಿಗೂ ಹಾಕ್ತೀವಿ ಪಾಟಿ” ಎಂದ, ತಮಿಳಿನಲ್ಲಿ ಅಜ್ಜಿ ಎಂದು ಕರೆದು.

“ತೆಗಿಯಪ್ಪ. ಪಾರಿವಾಳಾನೂ ತೆಗಿ. ಕುಡ್ಲು ಹಾಕು.”

“ಕುಡ್ಲು ಡಿಸೈನ್ ಇಲ್ಲೆ ಪಾಟಿ. ಪಾರಿವಾಳ ಐತೆ, ನವಿಲೈತೆ.”

“ನವಿಲು ಹುಲ್ಲು ಕುಯ್ತದಾ? ಕುದ್ರೆ ಐತಾ?”

ಅವನು ಹುಡುಕಿದ. “ಐತೆ. ಆದ್ರೆ ಮದ್ವೆ ಕುದ್ರೆ.”

“ಹಾಕು.”

ತಿಥಿಯ ದಿನ ಬೆಳಿಗ್ಗೆ ವೆಂಕಟರಾಮಪ್ಪನೇ ಗುಣಿ ತೋಡಿ ಕಂಬ ನೆಟ್ಟು ಫ್ಲೆಕ್ಸು ಕಟ್ಟಿದ. ಯಾರನ್ನೂ ಮುಟ್ಟಗೊಡಲಿಲ್ಲ. ಬನಿಯನ್ ಹಾಕಿದ ಚಿಕ್ಕಮುನಿಯಪ್ಪ, ಪಕ್ಕದಲ್ಲಿ ಜರಿ ಹೊದ್ದು ಹಣೆಗೆ ಕುಚ್ಚು ಕಟ್ಟಿಸಿಕೊಂಡ ಬಿಳಿ ಕುದುರೆ. ಮೇಲೆ, ಮುಖಕ್ಕಿಂತ ದೊಡ್ಡದಾಗಿ, ‘ಫಸ್ಫಸ’. ಸತ್ತವನಿಗೆ ಎರಡನೇ ಮದುವೆಯೋ ಎಂದು ಒಬ್ಬಿಬ್ಬರು ಕೇಳಿದರು. ವೆಂಕಟರಾಮಪ್ಪ ಅವರನ್ನು ಗದರಿಸಿ ಕಳಿಸಿದ.

ಎಡೆ ಇಟ್ಟು, ಬಂದವರಿಗೆ ಊಟ ಬಡಿಸಿ, ದೊಡ್ಡಮುನಿಯಮ್ಮ ಬಂದು ಫ್ಲೆಕ್ಸಿನ ಕೆಳಗೆ ನಿಂತಳು. ಜವಳಗಿರಿಯ ಬಸ್ಸು ಬಂದು ನಿಂತಿತು. ಇಬ್ಬರು ಇಳಿದರು. ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನಿಂತು ಮೇಲೆ ನೋಡಿದ. ತುಟಿ ಆಡಿಸಿ ಓದಿದ. ಮತ್ತೆ ಓದಿದ.

“ಏನಮ್ಮಾ ಅದು, ಫಸ್ಫಸ?”

ದೊಡ್ಡಮುನಿಯಮ್ಮ ಗಂಟಲು ಸರಿ ಮಾಡಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಇರಾನ್ ಅಂತ ಒಂದ್ ದೇಶ ಐತೆ ಕಣಪ್ಪ. ಅಲ್ಲಿ ಕುದ್ರೆಗೆ ಅಸ್ಪ್ ಅಂತಾರೆ...”

ಕಂಡಕ್ಟರು ವಿಸಿಲು ಬಾಯಿಗಿಟ್ಟುಕೊಂಡ. ಊದಲಿಲ್ಲ. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಡ್ರೈವರು ಹಾರನ್ ಒತ್ತಿದ. ಮತ್ತೊಂದು ಸಲ ಒತ್ತಿ, “ಹೊತ್ತಾಯ್ತಲ್ಲಾ, ರೈಟ್ ಹೇಳಯ್ಯ!” ಎಂದು ಕೂಗಿದ.

ದೊಡ್ಡಮುನಿಯಮ್ಮ ಅವನ ಕಡೆ ಕೈ ಎತ್ತಿದಳು. “ಒಸಿ ತಡಿಯಪ್ಪಾ, ಇನ್ನೂ ಅರಬರ ದೇಶಾನೇ ದಾಟಿಲ್ಲ.”